ಲಿನಕ್ಸ್ ಹಾಕ್ರಿ, ಆದ್ರ ಡಿಸ್ಕ್ ಕೇಳೋ ಸ್ಕ್ರೀನ್ ಮ್ಯಾಲ ಅವಸರ ಬ್ಯಾಡ

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಬಂದ್ ಆತು, ಮನ್ಯಾಗಿನ ಹಳೆ ಮಷೀನಿಗೆ ವಿಂಡೋಸ್ 11 ಹಾಕ್ಲಿಕ್ಕ ಬರಂಗಿಲ್ಲ, ಹಂಗಾಗಿ ನಮ್ಮ ಕಲಬುರಗಿ ಒಳಗ ಭಾಳ ಮಂದಿ ವಿಂಡೋಸ್ ಬದ್ಲಿ ನಡೆಯೋ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಹಾಕೋಣೇನ್ರಿ ಅಂತ ಕೇಳಕತ್ತಾರ. ಹಾಕ್ರಿ. ರೊಕ್ಕ ಬೇಕಾಗಿಲ್ಲ, ಕ್ರ್ಯಾಕ್ ಮಾಡಿದ ಕೀ ಹುಡುಕೋದು ಬೇಕಾಗಿಲ್ಲ, 4 ಜಿಬಿ ರ್‍ಯಾಮ್ ಇದ್ರೂ ಚೊಲೋ ನಡೀತದ. ಆದ್ರ ಮಂದಿ ಕೆಡಸ್ಕೊಳ್ಳೋದು ಒಂದೇ ಜಾಗಾದಾಗ, ಡಿಸ್ಕಿನಾಗ ಎಲ್ಲಿ ಕುಂದ್ರಲಿ ಅಂತ ಇನ್‌ಸ್ಟಾಲರ್ ಕೇಳೋ ಸ್ಕ್ರೀನ್ ಮ್ಯಾಲ. ಮಕ್ಕಳ ಸಣ್ಣಾಗಿನ ಫೋಟೋ, ಅಂಗಡಿ ಲೆಕ್ಕ ಎಲ್ಲಾ ಒಂದು ಕ್ಲಿಕ್ಕಿಗೆ ಹೋಗಿದ್ದು ಕಣ್ಣಾರೆ ನೋಡೀನಿ, ಅದಕ್ಕ ಇದು ಬರೆಯಕತ್ತೀನಿ.

ಯಾವ್ದು ಹಾಕ್ಬೇಕು ಅಂದ್ರ ಲಿನಕ್ಸ್ ಮಿಂಟ್, ಎಕ್ಸ್‌ಎಫ್‌ಸಿಇ ಆವೃತ್ತಿ. ಮಿಂಟ್ 22ರ ಸರಣಿ ಉಬುಂಟು ಅನ್ನೋ ಇನ್ನೊಂದು ಲಿನಕ್ಸಿನ 24.04 ಮ್ಯಾಲ ಕಟ್ಟಿದ್ದು, 2029ರ ತನಕ ಅಪ್‌ಡೇಟ್ ಬರ್ತಾವ. ಎಂಜಿನಿಯರಿಂಗ್ ಓದೋ ಹುಡುಗ್ರು ಕಾಳಿ ಲಿನಕ್ಸ್ ಹಾಕ್ಕೋತಾರ, ಅದು ಸೆಕ್ಯುರಿಟಿ ಟೆಸ್ಟಿಂಗ್‌ಗೆ ಅಂತ ಮಾಡಿದ್ದು, ಮನ್ಯಾಗ ದಿನಾ ಬಳಸೋಕ ಅಲ್ಲ. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಮ್ಯಾಲ ಹೊಟ್ಟಿ ನಡೆಯೋರು ಮಾತ್ರ ವಿಂಡೋಸ್ ತಗೀಬ್ಯಾಡ್ರಿ, ಬಾಜೂಕ ಲಿನಕ್ಸ್ ಇಟ್ಕೋರಿ.

ಮಿಂಟ್ ಸೈಟಿನಿಂದ ಐಎಸ್‌ಒ (ಇನ್‌ಸ್ಟಾಲ್ ಮಾಡೋ ಫೈಲ್) ಇಳಿಸ್ಕೋರಿ, 3 ಜಿಬಿ ಹತ್ರ ಇರ್ತದ, ರೂಫಸ್ ಇಲ್ಲಾ ಎಚರ್ ಅನ್ನೋ ಸಾಫ್ಟ್‌ವೇರ್‌ನಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೀರಿ. ಬರೇ ಕಾಪಿ ಪೇಸ್ಟ್ ಮಾಡಿದ್ರ ಬೂಟ್ ಆಗಂಗಿಲ್ಲ. ರಸ್ತೆ ಬಾಜೂಕ ಅಗ್ಗಕ್ಕ ಸಿಗೋ, ಮ್ಯಾಲ 64 ಜಿಬಿ ಅಂತ ಬರೆದಿರೋ ಪೆನ್‌ಡ್ರೈವ್ ಬ್ಯಾಡೇ ಬ್ಯಾಡ, ಒಳಗ ಅಷ್ಟು ಜಾಗಾನೇ ಇರಂಗಿಲ್ಲ, ಬರೆದದ್ದು ಅರ್ಧಕ್ಕ ಕೆಡ್ತದ.

ಈಗ ಬ್ಯಾಕಪ್. ಬ್ಯಾರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಅದನ್ನ ಕಿತ್ತಿ ಕಪಾಟಿನಾಗ ಇಡ್ರಿ, ಮಷೀನಿಗೆ ಹಚ್ಚಿ ಕುಂದ್ರಬ್ಯಾಡ್ರಿ.

ವಿಂಡೋಸ್ ಉಳಿಸ್ಕೋಬೇಕಂದ್ರ ಜಾಗಾ ಮಾಡೋದು ವಿಂಡೋಸ್ ಒಳಗಿಂದಾನೇ ಮಾಡ್ರಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ) ಚಾಲೂ ಇದ್ರ ಮೊದ್ಲ ರಿಕವರಿ ಕೀ ಕಾಗದದ ಮ್ಯಾಲ ಬರ್ಕೋರಿ, ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡ್ರಿ, ಆಮ್ಯಾಲ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗದು ಸಿ ಡ್ರೈವ್ ಮ್ಯಾಲ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್, 51200 ಎಂಬಿ, ಅಂದ್ರ 50 ಜಿಬಿ ಅಂತ ಹೊಡೀರಿ. ಕರಿ ಪಟ್ಟಿ ಇರೋ ಖಾಲಿ ಜಾಗಾ ಕಾಣ್ತದ, ಅದಕ್ಕ ಅಕ್ಷರ ಕೊಡಬ್ಯಾಡ್ರಿ, ಫಾರ್ಮ್ಯಾಟೂ ಮಾಡಬ್ಯಾಡ್ರಿ.

ಪೆನ್‌ಡ್ರೈವ್ ಹಾಕಿ, ಮಷೀನ್ ಚಾಲೂ ಆಗೋವಾಗ ಎಫ್12 ಒತ್ರಿ, ಎಚ್‌ಪಿ ಇದ್ರ ಎಫ್9, ಕೆಲವು ಕಂಪನಿದ್ರಾಗ ಕೀಲಿ ಬ್ಯಾರೆ ಇರ್ತದ. ಪಟ್ಟಿ ಒಳಗ ಅದೇ ಪೆನ್‌ಡ್ರೈವ್ ಎರಡು ಸಲ ಕಂಡ್ರ, ವಿಂಡೋಸ್ ಯುಇಎಫ್‌ಐ (ಹೊಸ ಬಗೆಯ ಬೂಟ್) ಮ್ಯಾಲ ಇದ್ರ ಯುಇಎಫ್‌ಐ ಅಂತ ಬರೆದದ್ದನ್ನೇ ಆರಿಸ್ರಿ. ಮೊದ್ಲ ಲೈವ್ ಆಗಿ, ಅಂದ್ರ ಇನ್‌ಸ್ಟಾಲ್ ಮಾಡ್ದೇನೇ ಪೆನ್‌ಡ್ರೈವ್‌ನಿಂದ ನಡೆಸಿ ವೈಫೈ, ಸೌಂಡ್ ನೋಡ್ಕೋರಿ. ವೈಫೈ ಬರ್ಲಿಲ್ಲಂದ್ರ ಫೋನಿನಿಂದ ಯುಎಸ್‌ಬಿ ಟೆದರಿಂಗ್ ಮಾಡ್ರಿ. ಬ್ಯಾಸಗಿ ಒಳಗ ಕರೆಂಟ್ ಯಾವಾಗ ಹೋಗ್ತದೋ ಗೊತ್ತಾಗಂಗಿಲ್ಲ, ಡೆಸ್ಕ್‌ಟಾಪ್ ಇದ್ರ ಯುಪಿಎಸ್ ಇಲ್ದ ಇನ್‌ಸ್ಟಾಲ್‌ಗೆ ಕೈ ಹಾಕಬ್ಯಾಡ್ರಿ.

ಇನ್‌ಸ್ಟಾಲರ್ ಭಾಷೆ, ಕೀಬೋರ್ಡ್ ಕೇಳಿ ಇನ್‌ಸ್ಟಲೇಷನ್ ಟೈಪ್‌ಗೆ ಬರ್ತದ. ಇಲ್ಲೇ ನಿಂದ್ರಿ. ಎರೇಸ್ ಡಿಸ್ಕ್ ಅಂತ ಇರೋದು ಹಳೆ ವಿಂಡೋಸ್ ಒಂದನ್ನೇ ಅಳಸಂಗಿಲ್ಲ, ಅದೇ ಡಿಸ್ಕಿನಾಗ ಇರೋ ಡಿ ಡ್ರೈವೂ ಸೇರಿ ಪೂರಾ ಡಿಸ್ಕ್ ಅಳಸ್ತದ, ಡಿ ಡ್ರೈವ್‌ದಾಗ ಇಟ್ಟೀನಿ ಏನೂ ಆಗಂಗಿಲ್ಲ ಅಂದ್ಕೊಂಡೋರೇ ಹೆಚ್ಚು ಕಳ್ಕೋತಾರ. ಅಲಾಂಗ್‌ಸೈಡ್ ಅನ್ನೋದು ತಾನೇ ಜಾಗಾ ಹುಡುಕ್ತದ, ಎಸ್‌ಎಸ್‌ಡಿ ಒಂದು ಹಾರ್ಡ್‌ಡಿಸ್ಕ್ ಒಂದು ಇದ್ರ ಎಲ್ಲಿ ಕುಂದ್ರತದೋ ಅಂತ ಚಿಂತಿ. ಸಮ್‌ಥಿಂಗ್ ಎಲ್ಸ್ ಆರಿಸ್ರಿ. ಡಿಸ್ಕುಗಳ ಪಟ್ಟಿ ಬರ್ತದ: ಎಸ್‌ಡಿಎ, ಎಸ್‌ಡಿಬಿ, ಇಲ್ಲಾ ಎನ್‌ವಿಎಂಇ. ಹೆಸರು ನೋಡಿ ತೀರ್ಮಾನ ಮಾಡಬ್ಯಾಡ್ರಿ, ಸೈಜ್ ನೋಡ್ರಿ. ನೀವು ಕೊಟ್ಟ 51200 ಇಲ್ಲಿ 53687ರ ಆಸುಪಾಸು ಫ್ರೀ ಸ್ಪೇಸ್ ಅಂತ ಕಾಣ್ತದ, ವಿಂಡೋಸ್ ಎಂಬಿ ಎಣಿಸೋ ಲೆಕ್ಕ ಬ್ಯಾರೆ, ಇನ್‌ಸ್ಟಾಲರ್‌ದು ಬ್ಯಾರೆ, ಗಾಬರಿ ಬ್ಯಾಡ. ಅದನ್ನ ಆರಿಸಿ ಪ್ಲಸ್ ಒತ್ತಿ, ಇಎಕ್ಸ್‌ಟಿ4 (ಲಿನಕ್ಸ್ ಫಾರ್ಮ್ಯಾಟ್) ಇಟ್ಟು, ಮೌಂಟ್ ಪಾಯಿಂಟ್‌ಗೆ ಬರೇ ಸ್ಲ್ಯಾಷ್ ಹಾಕ್ರಿ. ಸ್ವಾಪ್ (ರ್‍ಯಾಮ್ ಸಾಲದಾಗ ಬಳಸೋ ಡಿಸ್ಕ್ ಜಾಗಾ) ಪಾರ್ಟಿಷನ್ ಬೇಕಾಗಿಲ್ಲ, ಫೈಲ್ ತಾನೇ ಮಾಡ್ಕೋತದ. ಇಎಫ್‌ಐ ಅಂತ ಸಣ್ಣ ಪಾರ್ಟಿಷನ್ ಇರ್ತದ, ಅದರ ಫಾರ್ಮ್ಯಾಟ್ ಡಬ್ಬಿಗೆ ಟಿಕ್ ಬೀಳಬಾರ್ದು, ಬಿದ್ರ ವಿಂಡೋಸ್ ಏಳಂಗಿಲ್ಲ. ಎನ್‌ಟಿಎಫ್‌ಎಸ್, ಅಂದ್ರ ವಿಂಡೋಸ್ ಪಾರ್ಟಿಷನ್ನಿನ ಸೈಜ್ ಇಲ್ಲಿ ಬದಲಿ ಮಾಡ್ಲಿಕ್ಕ ಹೋಗಬ್ಯಾಡ್ರಿ, ಅದು ಆಗಿಂದಾಗಲೇ ಡಿಸ್ಕ್‌ಗೆ ಬರೀತದ.

ಇನ್‌ಸ್ಟಾಲ್ ನೌ ಒತ್ತಿದ ಮ್ಯಾಲ ಯಾವ್ಯಾವ ಪಾರ್ಟಿಷನ್ ಫಾರ್ಮ್ಯಾಟ್ ಆಗ್ತಾವ ಅಂತ ಒಂದು ಡಬ್ಬಿ ತೋರಿಸ್ತದ, ಮಂದಿ ಅದನ್ನ ಓದೋದೇ ಇಲ್ಲ. ಜೋರಾಗಿ ಓದ್ರಿ. ಫಾರ್ಮ್ಯಾಟ್ ಆಗೋ ಪಟ್ಟಿ ಒಳಗ ಇಎಕ್ಸ್‌ಟಿ4 ಅಂತ ಒಂದೇ ಸಾಲು ಇರ್ಬೇಕು, ಅದರಾಗ ಬ್ಯಾರೆ ಏನರ ಕಂಡ್ರ ಗೋ ಬ್ಯಾಕ್ ಒತ್ರಿ. ಪಟ್ಟಿ ಒಳಗ ಡಿಸ್ಕೇ ಕಾಣ್ಲಿಲ್ಲಂದ್ರ ಬಯೋಸ್‌ದಾಗ ಡಿಸ್ಕಿನ ಸೆಟ್ಟಿಂಗ್ ಆರ್‌ಎಸ್‌ಟಿ ಮೋಡ್ ಇರಬಹುದು, ಅದನ್ನ ಸೀದಾ ಎಎಚ್‌ಸಿಐ ಮೋಡ್ ಮಾಡಿದ್ರ ವಿಂಡೋಸ್ ನಿಲ್ತದ, ಮೊದ್ಲ ವಿಂಡೋಸ್ ಸೇಫ್ ಮೋಡ್‌ಗೆ ಹಚ್ಚಿ ಆಮ್ಯಾಲ ಬದಲಿಸ್ರಿ.

ಮುಂದಿಂದು ಸಲೀಸು: ಕೋಲ್ಕತಾ ಟೈಂ, ಹೆಸರು, ಪಾಸ್‌ವರ್ಡ್, ಅರ್ಧ ತಾಸಿನಾಗ ಮುಗೀತದ.

ಹಾಕಿದ ಮ್ಯಾಲ ವಿಂಡೋಸ್ ಗಡಿಯಾರ ಐದೂವರೆ ತಾಸು ಹಿಂದ ಬಿದ್ರ ಲಿನಕ್ಸ್‌ಗೆ ಲೋಕಲ್ ಟೈಂ ಬಳಸು ಅಂತ ಹೇಳ್ರಿ, ಸರಿ ಆಗ್ತದ. ಕನ್ನಡ ಟೈಪ್‌ಗೆ ಐಬಸ್-ಎಂ17ಎನ್ ಅನ್ನೋ ಸಾಫ್ಟ್‌ವೇರ್ ಹಾಕಿ ಕೆಜಿಪಿ ಕೀಬೋರ್ಡ್ ಆರಿಸ್ರಿ, ನುಡಿ ಕೀಲಿನೇ ಅದು, ಕಲಿತ ಬೆರಳು ಹಂಗೇ ಓಡ್ತಾವ. ಹಳೆ ನುಡಿ ಫಾಂಟಿನ ಫೈಲ್ ಮಾತ್ರ ಇಂಗ್ಲಿಷ್ ಅಕ್ಷರದಂಗ ಕಾಣ್ತಾವ, ಅವನ್ನ ಯೂನಿಕೋಡ್‌ಗೆ ಕನ್ವರ್ಟ್ ಮಾಡೋದು ವಿಂಡೋಸ್ ಇರೋತನಕಾನೇ ಮುಗಿಸ್ಕೋರಿ.