ಬೆನ್ನುನೋವಿಗೊಂದು ಅಲಾರಾಂ

ಬದಿಯಡ್ಕದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ನನ್ನ ಬೆನ್ನುನೋವಿಗೆ ಈಗ ಏಳು ವರ್ಷ. ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನೋವು ಅನ್ನುತ್ತಾರಂತೆ. ಆ ಲೆಕ್ಕದಲ್ಲಿ ನನ್ನದು ಅಜ್ಜನಾಗಿದೆ.

ಎಂಆರ್‌ಐ ನೋಡಿದ ಡಾಕ್ಟರರೊಬ್ಬರು "ಬೆನ್ನಿನ ಎಲುಬುಗಳ ನಡುವಿನ ಡಿಸ್ಕ್ ಸವೆದಿದೆ" ಎಂದಷ್ಟೇ ಹೇಳಿ ಕಳಿಸಿದರು. ಆ ಒಂದು ಮಾತಿಗೆ ಹೆದರಿ ಎರಡು ವರ್ಷ ಬಗ್ಗಲೇ ಇಲ್ಲ. 50 ದಾಟಿದ ಹೆಚ್ಚಿನವರಲ್ಲಿ, ನೋವೇ ಇಲ್ಲದಿದ್ದರೂ, ಸ್ಕ್ಯಾನಿನಲ್ಲಿ ಈ ಸವಕಳಿ ಕಾಣುತ್ತದೆ ಅಂತ ಆಮೇಲೆ ಫಿಸಿಯೋಥೆರಪಿಯವರು ಹೇಳಿದರು. ಅಷ್ಟರಲ್ಲಿ ಬೆನ್ನಿನ ಶಕ್ತಿಯೆಲ್ಲ ಇಳಿದಿತ್ತು.

ಕಾಲಿನ ಬಲ ಕಡಿಮೆಯಾದರೆ, ಮಲಮೂತ್ರದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ನಾನು ಮಾಡುತ್ತಿದ್ದ ತಪ್ಪು ಇದು. ನೋವು ಕಡಿಮೆ ಇದ್ದ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅಡಿಕೆ ಸುಲಿಯುವುದು, ಮರುದಿನದಿಂದ ಮೂರು ದಿನ ಹಾಸಿಗೆ. ಹೀಗಾದರೆ 'ಕೆಲಸ ಅಂದರೆ ನೋವು' ಅಂತಲೇ ಮನಸ್ಸು ಕಲಿಯುತ್ತದೆ ಅಲ್ವಾ? ಅದನ್ನು ಬಿಡಿಸಬೇಕು.

ಒಂದು ವಾರ ಸುಮ್ನೆ ಬರೆದಿಡಿ: ಕೂತು ಎಷ್ಟು ನಿಮಿಷಕ್ಕೆ ನೋವು ಏರಿತು? ನನ್ನದು 25, 15, 20 ಹೀಗೆ. ಸರಾಸರಿ 20. ಅದರಿಂದ ಸ್ವಲ್ಪ ಕಳೆದು 15 ನಿಮಿಷಕ್ಕೆ ಮೊಬೈಲಲ್ಲಿ ಅಲಾರಾಂ ಇಟ್ಟೆ. ಅದು ಹೊಡೆದ ಕೂಡಲೇ ಎದ್ದು ಅಂಗಳಕ್ಕೆ ಒಂದು ಸುತ್ತು. ಕೈಯಲ್ಲಿ ಅರ್ಧ ಸುಲಿದ ಅಡಿಕೆ ಇದ್ದರೂ ಸರಿ. ನೋವಿಲ್ಲದ ದಿನವೂ ಏಳಬೇಕು. ಇದೇ ಕಷ್ಟ ಮಾರಾಯರೇ, 'ಇನ್ನೊಂದು ಬುಟ್ಟಿ' ಅನ್ನುವ ಆಸೆ! ನೋವು ಜಾಸ್ತಿ ಇದ್ದ ದಿನ 5 ನಿಮಿಷವಾದರೂ ಕೂರಿ, ಪೂರ್ತಿ ಬಿಡಬೇಡಿ. ವಾರಕ್ಕೆ ಒಂದೆರಡು ನಿಮಿಷ ಏರಿಸಿದರೆ ಸಾಕು.

ನೋವು ಬರೀ ಮನಸ್ಸಿನದ್ದು ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಆದರೆ ಒಂದು ವಿಷಯ ಗಮನಿಸಿದ್ದೇನೆ. ಯಕ್ಷಗಾನದ ಆಟಕ್ಕೆ ಹೋಗಿ ಚೆಂಡೆ ಜೋರಾದರೆ ಅರ್ಧ ಗಂಟೆ ಬೆನ್ನಿನ ನೆನಪೇ ಇರುವುದಿಲ್ಲ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿಗೆ ಒಂದು ಗೇಟು ಇದ್ದ ಹಾಗೆ ಎಂದು ವಿವರಿಸಿದರು. ಮೇಲಿಂದ ಮೆದುಳೂ ಅದನ್ನು ತೆರೆದು ಮುಚ್ಚಬಲ್ಲದು. ಹೆದರಿಕೆ ಅದನ್ನು ಪೂರ್ತಿ ತೆರೆದಿಡುತ್ತದೆ, ಗಮನ ಬೇರೆ ಕಡೆ ಹೋದರೆ ಸ್ವಲ್ಪ ಮುಚ್ಚುತ್ತದೆ.

ಹೆದರಿಕೆ ನನಗೆ ಬರುವುದು ರಾತ್ರಿ ಎರಡು ಗಂಟೆಗೆ. 'ಇನ್ನು ತೋಟ ಮಾರಬೇಕಷ್ಟೆ.' ಈಗ ಹಾಸಿಗೆ ಪಕ್ಕ ಪುಸ್ತಕ ಇಟ್ಟಿದ್ದೇನೆ. ಎಡಗಡೆ ಆ ಯೋಚನೆ, ಬಲಗಡೆ ಆ ದಿನ ನಿಜವಾಗಿ ಆದದ್ದು: 'ನಾಲ್ಕು ಸಲ ಕೂತೆ, ಒಂದು ಬುಟ್ಟಿ ಸುಲಿದೆ.' ಎಡಗಡೆಯದ್ದನ್ನು ಹೊಡೆದು ಹಾಕಬೇಕಾಗಿಲ್ಲ, ಪಕ್ಕದಲ್ಲಿ ಬಲಗಡೆಯದ್ದು ಇದ್ದರೆ ಸಾಕು.

ಮನೆಯವರಿಗೂ ಒಂದು ಕೆಲಸ ಕೊಡಿ. ನನ್ನ ಹೆಂಡತಿ ದಿನಾ ನಾಲ್ಕು ಸಲ "ನೋವು ಹೇಗುಂಟು?" ಅಂತ ಕೇಳುತ್ತಿದ್ದಳು. ಪ್ರೀತಿಯೇ. ಆದರೆ ಮರೆತಿದ್ದ ನೋವು ಆಗ ಎದ್ದು ಕೂರುತ್ತಿತ್ತು. ಈಗ ಸಂಜೆ ಚಹಾ ಕೊಡುವಾಗ ಅವಳು ಕೇಳುವುದು "ಇವತ್ತು ಎಷ್ಟು ಸುಲಿದಿರಿ?" ಅಂತ. ಕಳೆದ ವಾರ ಒಂದೇ ಸಲ ಕೂತು 35 ನಿಮಿಷಕ್ಕೆ ಮುಟ್ಟಿದೆ. ಅವಳು ನಂಬಲಿಲ್ಲ, ಮೊಬೈಲ್ ತೋರಿಸಬೇಕಾಯಿತು.