ಅಟ್ಟದ ಮೇಲಿನ ವಸ್ತು ಆನ್‌ಲೈನ್ ಹರಾಜಿಗೆ: ಮೊದಲ ಸಲ ಮಾರುವವರು ಏನು ಮಾಡಬೇಕು?

ಹುಬ್ಬಳ್ಳಿ-ಧಾರವಾಡದ ಹಳೆ ಮನೆಗಳಲ್ಲಿ ಅಟ್ಟ ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಅಜ್ಜ ಕಟ್ಟುತ್ತಿದ್ದ ಎಚ್‌ಎಂಟಿ ವಾಚು, ರೀಲು ಹಾಕುವ ಕ್ಯಾಮೆರಾ, ದೊಡ್ಡ ರೇಡಿಯೊ, ಟ್ರಂಕಿನ ತಳದಲ್ಲಿ ಮಡಚಿಟ್ಟ ಕಸೂತಿ ಸೀರೆ. ಗುಜರಿಯವರು ಇವನ್ನು ಕಿಲೋ ಲೆಕ್ಕದಲ್ಲಿ ಕೇಳುತ್ತಾರೆ. ಆದರೆ ಅದೇ ವಸ್ತುವಿಗಾಗಿ ಬೇರೆ ಯಾವುದೋ ಊರಲ್ಲಿ ಯಾರೋ ಹುಡುಕುತ್ತಿರುತ್ತಾರೆ, ಅಂಥವರು ಸಿಗುವುದು ಆನ್‌ಲೈನ್ ಹರಾಜಿನಲ್ಲೇ. ಜಾತ್ರೆಯ ಲಿಲಾವಿನಲ್ಲಿ ಜನ ಎದುರಿಗೇ ನಿಂತು ವಸ್ತು ನೋಡಿ ಕೂಗುತ್ತಾರೆ. ಇಲ್ಲಿ ಹಾಗಲ್ಲ. ಕೊಳ್ಳುವವರ ಮುಂದೆ ಇರುವುದು ನಿಮ್ಮ ಫೋಟೊ ಮತ್ತು ನಿಮ್ಮ ಮಾತು, ಅಷ್ಟೇ. ಹೊಸಬರ ವಸ್ತುವಿಗೆ ಬೆಲೆ ಬರದಿದ್ದರೆ ಬಹಳ ಸಲ ಕಾರಣ ಅಲ್ಲೇ ಇರುತ್ತದೆ.

ಮಾರಬಾರದ್ದನ್ನು ಮೊದಲು ಬದಿಗಿಡಿ

ನೂರು ವರ್ಷ ದಾಟಿದ ನಾಣ್ಯ, ಮೂರ್ತಿ, ಚಿತ್ರ, ಕುಸುರಿ ಕೆಲಸದ ವಸ್ತುಗಳು 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತುಗಳು. ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷ ಆಗಿದ್ದರೂ ಸಾಕು. ಇವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ದೇಶದ ಒಳಗೂ ಇವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಹಳೆ ದೇವಾಲಯಗಳಿರುವ ಲಕ್ಕುಂಡಿಯಂಥ ಊರಿನ ಸುತ್ತಮುತ್ತ ಹೊಲ ಉಳುವಾಗ, ಪಾಯ ತೋಡುವಾಗ ಏನಾದರೂ ಸಿಕ್ಕರೆ ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ, ಜಿಲ್ಲಾಡಳಿತಕ್ಕೆ ತಿಳಿಸಿ. ಅದು ನಮ್ಮೆಲ್ಲರ ಆಸ್ತಿ.

ಇನ್ನೊಂದು ಮಾತು. ರಾಣೆಬೆನ್ನೂರು ಕಡೆ ಕೃಷ್ಣಮೃಗ ಜಾಸ್ತಿ, ಹಳೆ ಮನೆಗಳ ಗೋಡೆಯ ಮೇಲೆ ಕೊಂಬು ಕಂಡರೆ ಆಶ್ಚರ್ಯವಿಲ್ಲ. ಅಜ್ಜನ ಕಾಲದ್ದೇ ಆಗಲಿ, ಅದನ್ನು ಮಾರುವುದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಹುಲಿ ಉಗುರು, ಆನೆದಂತದ ಕಥೆಯೂ ಅದೇ.

ನಿಜವಾದ ಬೆಲೆ ಎಷ್ಟು?

ಸೈಟಿನಲ್ಲಿ ಜನ ಕೇಳುತ್ತಿರುವ ಬೆಲೆ ನೋಡಬೇಡಿ. ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದು, ಅಲ್ವಾ? ಇಬೇಯಂಥ (eBay) ಹರಾಜು ಸೈಟುಗಳಲ್ಲಿ ಈಗಾಗಲೇ ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ. ನಿಮ್ಮದೇ ಮಾದರಿ, ನಿಮ್ಮದೇ ಸ್ಥಿತಿಯಲ್ಲಿರುವುದು ಎಷ್ಟಕ್ಕೆ ಹೋಗಿದೆ ಎಂದು ಅಲ್ಲಿ ನೋಡಿ.

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ರೂಪಾಯಿ ಎನ್ನುವ ವಿಡಿಯೊ ನಿಮಗೂ ಬಂದಿರಬಹುದು. ದಯವಿಟ್ಟು ನಂಬಬೇಡಿ. ಲಕ್ಷ ಸಿಗುತ್ತದೆ ಎಂದು ಆಸೆ ಹುಟ್ಟಿಸಿ, ಅದಕ್ಕೂ ಮೊದಲು ತೆರಿಗೆ ಕಟ್ಟಿ, ಕಮಿಷನ್ ಕಟ್ಟಿ ಎಂದು ನಿಮ್ಮಿಂದಲೇ ಹಣ ಎಳೆಯುವುದು ಇದರ ಹಿಂದಿನ ಆಟ. ಹಳೆ ನೋಟು, ನಾಣ್ಯಗಳ ಮಾರಾಟಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಎಲ್ಲಿ ಮಾರುವುದು?

ಇಬೇಯ ಭಾರತದ ಸೈಟು 2018ರಲ್ಲೇ ಮುಚ್ಚಿತು. ಈಗ ಅದರಲ್ಲಿ ಮಾರುವುದೆಂದರೆ ಹೊರದೇಶದವರಿಗೆ ಮಾರುವುದು. ವ್ಯಾಪಾರವಾಗಿ ಮಾಡುವವರಿಗೆ ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರ ಇಲಾಖೆಯಾದ ಡಿಜಿಎಫ್‌ಟಿ ಕೊಡುವ ಐಇಸಿ ಎಂಬ ರಫ್ತು ನಂಬರ್ ಬೇಕು, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ದೇಶದೊಳಗೆ ನಾಣ್ಯ, ಅಂಚೆಚೀಟಿ, ವಾಚು ಸಂಗ್ರಹಿಸುವವರ ಫೇಸ್‌ಬುಕ್, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲೂ ಹರಾಜು ನಡೆಯುತ್ತದೆ. ಅಲ್ಲಿ ಕಮಿಷನ್ ಕೊಡುವ ತಾಪತ್ರಯ ಇಲ್ಲ, ಆದರೆ ಜಗಳ ಬಂದರೆ ಬಿಡಿಸುವವರೂ ಇಲ್ಲ. ಎಲ್ಲೇ ಆಗಲಿ, ಮೊದಲು ಒಂದೆರಡು ಸಣ್ಣ ವಸ್ತು ನೀವೇ ಕೊಂಡು ನೋಡಿ. ಕೊಳ್ಳುವವರಿಗೆ ಏನು ಭಯ ಇರುತ್ತದೆ ಎಂದು ತಿಳಿಯುತ್ತದೆ, ನಿಮ್ಮ ಹೆಸರಿನ ಮುಂದೆ ಒಂದಿಷ್ಟು ಒಳ್ಳೆಯ ರೇಟಿಂಗೂ ಸೇರುತ್ತದೆ.

ಫೋಟೊ ಮತ್ತು ವಿವರಣೆ: ಇಲ್ಲೇ ಹೆಚ್ಚು ಸಮಯ ಕೊಡಿ

ಫ್ಲ್ಯಾಶ್ ಬೇಡ. ಬೆಳಿಗ್ಗೆ ಕಿಟಕಿಯ ಬೆಳಕಲ್ಲಿ, ಒಂದೇ ಬಣ್ಣದ ಬಟ್ಟೆಯ ಮೇಲಿಟ್ಟು ತೆಗೆಯಿರಿ. ಮುಂದೆ, ಹಿಂದೆ, ಒಳಗೆ, ಕಂಪನಿಯ ಗುರುತು, ಮತ್ತು ಮುಖ್ಯವಾಗಿ ಎಲ್ಲಿ ಕೆಟ್ಟಿದೆಯೋ ಆ ಜಾಗ. ಗೀರು, ಬಿರುಕು, ತುಕ್ಕು ಇದ್ದರೆ ಅದಕ್ಕೆ ಬೇರೆಯೇ ಫೋಟೊ ಹಾಕಿ. ಹೀಗೆ ಮಾಡಿದರೆ ಬೆಲೆ ಇಳಿಯುತ್ತದೆ ಎಂದು ಹೊಸಬರು ಹೆದರುತ್ತಾರೆ. ಹಾಗೇನಿಲ್ಲ. ದೋಷ ತೋರಿಸಿದವರ ಉಳಿದ ಮಾತನ್ನೂ ಜನ ನಂಬುತ್ತಾರೆ, ಧೈರ್ಯವಾಗಿ ಬಿಡ್ ಹಾಕುತ್ತಾರೆ, ಅಂದರೆ ಬೆಲೆ ಕೂಗುತ್ತಾರೆ.

ಎಚ್‌ಎಂಟಿ ವಾಚನ್ನೇ ತೆಗೆದುಕೊಳ್ಳಿ. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ, ಕಂಪನಿಯನ್ನು ಮುಚ್ಚುವ ತೀರ್ಮಾನ ಆಗಿದ್ದು 2016ರಲ್ಲಿ. ಆಮೇಲೆ ಹಳೆ ವಾಚುಗಳ ಮೇಲೆ ಜನರ ಕಣ್ಣು ಬಿತ್ತು, ಡಯಲಿಗೆ ಹೊಸ ಬಣ್ಣ ಹೊಡೆದು ಮಾರುವವರೂ ಹುಟ್ಟಿಕೊಂಡರು. ಹಾಗಾಗಿ ಬಣ್ಣ ಮಾಸಿದರೂ ಪರವಾಗಿಲ್ಲ, ಡಯಲು ಮೂಲದ್ದೇ ಇರಬೇಕು ಎಂದು ಸಂಗ್ರಹಕಾರರು ಹುಡುಕುತ್ತಾರೆ. ‘ಸೂಪರ್ ಅಪರೂಪದ ವಾಚ್’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಎಚ್‌ಎಂಟಿ ಜನತಾ, ಕೀಲಿ ಕೊಡುವುದು, 17 ಜ್ಯುವೆಲ್, ನಡೆಯುತ್ತದೆ, ಗ್ಲಾಸಿನ ಮೇಲೆ ಗೀರು ಇದೆ’ ಎಂದು ಬರೆಯಿರಿ. ಜ್ಯುವೆಲ್ ಎಂದರೆ ವಾಚಿನ ಯಂತ್ರದೊಳಗಿನ ಸಣ್ಣ ಕಲ್ಲು. ಹುಡುಕುವವರು ಟೈಪ್ ಮಾಡುವುದು ಇಂಥ ಪದಗಳನ್ನೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ.

ಕಸೂತಿ ಸೀರೆಯಾದರೆ ಹಿಂಬದಿಯ ಫೋಟೊ ಇಲ್ಲದೆ ಹಾಕಲೇಬೇಡಿ. ಕೈಯಲ್ಲಿ ಎಳೆ ಎಣಿಸಿ ಹಾಕಿದ ಗವಂತಿ, ಮುರಗಿ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣುತ್ತದೆ. ಮಷಿನ್ ಕೆಲಸದಲ್ಲಿ ಹಿಂದೆ ದಾರ ಬೇರೆಯೇ ಥರ ಕಾಣುತ್ತದೆ. ತಿಂಗಳುಗಟ್ಟಲೆ ಕೂತು ಹಾಕಿದ ಕೈಕೆಲಸಕ್ಕೆ ಸರಿಯಾದ ಬೆಲೆ ಬರಬೇಕಾದರೆ ಆ ಒಂದು ಫೋಟೊ ಬೇಕೇ ಬೇಕು.

ಮಾರುವ ಮೊದಲು ಹೊಳಪು ಬರಲಿ ಎಂದು ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹಳೆ ಹಿತ್ತಾಳೆಗೂ ಬೇಡ. ವರ್ಷಗಳಿಂದ ಕೂತ ಬಣ್ಣಕ್ಕೇ ಅಲ್ಲಿ ಬೆಲೆ, ಒಮ್ಮೆ ತಿಕ್ಕಿದರೆ ಅದು ಮರಳಿ ಬರುವುದಿಲ್ಲ.

ಶುರುವಿನ ಬೆಲೆ

ಇಬೇಯಲ್ಲಿ ಬಿಡ್ ಹಾಕುವವರು ತಾವು ಕೊಡಬಲ್ಲ ಗರಿಷ್ಠ ಮೊತ್ತವನ್ನು ಗುಟ್ಟಾಗಿ ನಮೂದಿಸುತ್ತಾರೆ, ಸೈಟು ಅವರ ಪರವಾಗಿ ಬೇಕಾದಷ್ಟೇ ಏರಿಸುತ್ತಾ ಹೋಗುತ್ತದೆ. ಲೆಕ್ಕಕ್ಕೆ ರೂಪಾಯಿಯಲ್ಲೇ ಹೇಳುತ್ತೇನೆ. ಒಬ್ಬರು 2,000 ಎಂದಿಟ್ಟು, ಇನ್ನೊಬ್ಬರು 1,200 ಎಂದರೆ, ಏರಿಕೆಯ ಮೆಟ್ಟಿಲು 50 ಇದ್ದಾಗ ಬೆಲೆ 1,250ಕ್ಕೆ ನಿಲ್ಲುತ್ತದೆ. ಅಂದರೆ ನಿಮಗೆ ಸಿಗುವ ಬೆಲೆ ನಿಲ್ಲುವುದು ಎರಡನೆಯವರ ಮೇಲೆ. ಆಸಕ್ತರು ಕನಿಷ್ಠ ಇಬ್ಬರಾದರೂ ಬೇಕು.

ಅದಕ್ಕೇ ಬಹಳ ಜನ ಬಯಸುವ ವಸ್ತುವಿಗೆ ಕಡಿಮೆ ಬೆಲೆಯಿಂದ ಶುರು ಮಾಡಿದರೆ ಜನ ಸೇರುತ್ತಾರೆ. ಒಬ್ಬಿಬ್ಬರೇ ಹುಡುಕುವ ವಸ್ತುವಾದರೆ, ಇಷ್ಟಕ್ಕೆ ಹೋದರೂ ನನಗೆ ಬೇಸರವಿಲ್ಲ ಎನ್ನುವ ಮೊತ್ತದಿಂದಲೇ ಶುರು ಮಾಡಿ. ಕಮಿಷನ್ ಲೆಕ್ಕವನ್ನೂ ಮರೆಯಬೇಡಿ. ಇಬೇ ಅದನ್ನು ಸಾಗಣೆ ವೆಚ್ಚವೂ ಸೇರಿದ ಒಟ್ಟು ಮೊತ್ತದ ಮೇಲೆ ಹಿಡಿಯುತ್ತದೆ.

ಗೆಳೆಯನಿಗೆ ಹೇಳಿ ಸುಮ್ನೆ ಬಿಡ್ ಹಾಕಿಸಿ ಬೆಲೆ ಏರಿಸುವುದು ಮೋಸ. ಸಿಕ್ಕಿಬಿದ್ದರೆ ಖಾತೆಯೇ ಹೋಗುತ್ತದೆ.

ಏಳು ದಿನ ಇಟ್ಟು, ಭಾನುವಾರ ರಾತ್ರಿ ಮುಗಿಯುವ ಹಾಗೆ ಮಾಡಿ. ಹೊರದೇಶದವರಿಗಾದರೆ ಅವರ ಊರಿನ ಸಂಜೆಯ ಲೆಕ್ಕ ಹಿಡಿಯಿರಿ. ಕೊನೆಯ ಗಳಿಗೆಯಲ್ಲೇ ಬಿಡ್ ಹಾಕುವವರು ಬಹಳ, ಅಲ್ಲಿಯವರೆಗೆ ಬೆಲೆ ಏರಲಿಲ್ಲ ಎಂದು ಗಾಬರಿಯಾಗಿ ಹರಾಜು ನಿಲ್ಲಿಸಬೇಡಿ.

ಹಣ ಮತ್ತು ಪಾರ್ಸೆಲ್

ಹಣ ಬರುವ ಮೊದಲು ವಸ್ತು ಕಳಿಸಬೇಡಿ. ದುಡ್ಡು ಬಂದ ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಖಾತೆಯನ್ನೇ ನೋಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕುವುದೂ ಬೇಡ, ಅವರು ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದೂ ಬೇಡ. ತಾನು ಸೈನ್ಯದಲ್ಲಿದ್ದೇನೆ, ಈಗಲೇ ದುಡ್ಡು ಹಾಕುತ್ತೇನೆ, ಇದನ್ನು ಸ್ಕ್ಯಾನ್ ಮಾಡಿ ಎಂದರೆ ಅಲ್ಲಿಗೇ ಮಾತು ಮುಗಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಪ್ಯಾಕ್ ಮಾಡಲು ಬಬಲ್ ರ್‍ಯಾಪ್, ಗಟ್ಟಿ ರಟ್ಟಿನ ಪೆಟ್ಟಿಗೆ, ಖಾಲಿ ಜಾಗಕ್ಕೆ ಹಳೆ ಪೇಪರ್ ಸಾಕು. ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಗಳಲ್ಲಿ ಖಾಲಿ ಪೆಟ್ಟಿಗೆ ಕೇಳಿ ನೋಡಿ. ಟೇಪ್ ಹಚ್ಚಿದ ಮೇಲೆ ಅಲುಗಾಡಿಸಿ, ಒಳಗೆ ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿಸಿ. ಪೆಟ್ಟಿಗೆ ಸುಮ್ನೆ ದೊಡ್ಡದಾಗಬಾರದು. ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಕಿಲೋ ತೂಕ ಕಟ್ಟುತ್ತಾರೆ, ಹಗುರವಾದ ವಸ್ತುವಿಗೂ ದುಬಾರಿ ಬೀಳುತ್ತದೆ. ಪ್ಯಾಕ್ ಮಾಡುವಾಗ ವಿಡಿಯೊ ಮಾಡಿಟ್ಟುಕೊಳ್ಳಿ.

2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲೇ ಸೇರಿದೆ. ಬೆಲೆಬಾಳುವುದಾದರೆ ವಿಮೆ ಮಾಡಿಸಿ, ರಸೀದಿಯ ಟ್ರ್ಯಾಕಿಂಗ್ ನಂಬರನ್ನು ಅದೇ ದಿನ ಕೊಂಡವರಿಗೆ ಕಳಿಸಿ.

ಗೆದ್ದವರು ಹಣ ಕೊಡದೆ ಸುಮ್ಮನಾದರೆ ಸೈಟಿಗೆ ದೂರು ಕೊಟ್ಟು, ಎರಡನೆಯವರಿಗೆ ಅವರು ಹೇಳಿದ ಬೆಲೆಗೇ ಕೊಡುತ್ತೇನೆ ಎಂದು ಕೇಳುವ ಅವಕಾಶ ಇಬೇಯಲ್ಲಿದೆ. ಯಾರೂ ಬಿಡ್ ಹಾಕದೇ ಹೋದರೆ ಅದೇ ಪುಟವನ್ನು ಹಾಗೇ ಮತ್ತೆ ಹಾಕಬೇಡಿ. ಮೊದಲ ಫೋಟೊ ಬದಲಿಸಿ, ಶೀರ್ಷಿಕೆಯಲ್ಲಿ ಮಾದರಿಯ ಹೆಸರು ಸರಿಯಾಗಿದೆಯೇ ನೋಡಿ, ಶುರುವಿನ ಬೆಲೆ ಸ್ವಲ್ಪ ಇಳಿಸಿ, ಆಮೇಲೆ ಹಾಕಿ.