ಅಂಗಡಿಗೊಂದು ವೆಬ್‌ಸೈಟ್ ಬೇಕೇ? ಮೊದಲು ಫೋನಿನ ಪಕ್ಕ ನೋಟ್‌ಬುಕ್ ಇಡಿ

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಕಾಫಿಪುಡಿ ಅಂಗಡಿ. ಹುರಿಯುವ ಯಂತ್ರ ಒಂದು, ಪುಡಿ ಮಾಡುವ ಯಂತ್ರ ಒಂದು, ಒಂದು ತಕ್ಕಡಿ, ಅಪ್ಪ, ನಾನು. ಇಷ್ಟೇ ಸಂಸಾರ. ವೆಬ್‌ಸೈಟ್ ಮಾಡಿಸೋಣ ಅಂದಾಗ ಅಪ್ಪ ಕೇಳಿದರು, "ಬೀದಿ ತುಂಬ ಘಮ ಹೋಗುತ್ತಲ್ಲೋ, ಇನ್ಯಾವ ಬೋರ್ಡು ಬೇಕು?"

ಮಾತು ಸುಳ್ಳಲ್ಲ. ಕಾಫಿ ಹುರಿಯುವ ದಿನ ಅರ್ಧ ಬೀದಿಗೆ ನಮ್ಮ ಅಂಗಡಿಯ ವಿಳಾಸ ಗೊತ್ತಾಗುತ್ತದೆ. ಆದರೆ ಆ ಘಮ ಕಡೂರು ದಾಟುವುದಿಲ್ಲ. ಶನಿವಾರ ನಸುಕಿಗೇ ಬೆಂಗಳೂರು ಬಿಟ್ಟು ಮುಳ್ಳಯ್ಯನಗಿರಿಗೆ ಹೊರಟವರು ಕಾರಿನಲ್ಲಿ ಕೂತೇ ಫೋನಿನಲ್ಲಿ ಹುಡುಕುತ್ತಾರೆ, ಒಳ್ಳೆ ಕಾಫಿಪುಡಿ ಎಲ್ಲಿ ಸಿಗುತ್ತೆ ಅಂತ. ಅಲ್ಲಿ ಕಾಣದ ಅಂಗಡಿ ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಅಂತೂ ವೆಬ್‌ಸೈಟ್ ಮಾಡಿಸಿದೆವು. ತೆರೆದರೆ ಮಂಜು ಕವಿದ ಬೆಟ್ಟದ ವಿಡಿಯೊ. ಹಿಂದೆ ಕೊಳಲಿನ ದನಿ. ಕೆಳಗೆ 'ನಮ್ಮ ಪಯಣ' ಅಂತ ನಾಲ್ಕು ಪ್ಯಾರಾ. ಮನೆಯವರೆಲ್ಲ ನೋಡಿ ಹಿಗ್ಗಿದ್ದೇ ಹಿಗ್ಗಿದ್ದು. ಪುಡಿ ಕೆಜಿಗೆ ಎಷ್ಟು ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಅದನ್ನು ನೋಡಿ ಬಂದ ಮೊದಲ ಫೋನ್ ಕರೆ ನನಗಿನ್ನೂ ನೆನಪಿದೆ: "ಸರ್, ಈ ವಾರ ಎರಡು ರೂಮ್ ಖಾಲಿ ಇದೆಯಾ?" ಅವರು ನಮ್ಮನ್ನು ಹೋಂಸ್ಟೇ ಅಂದುಕೊಂಡಿದ್ದರು.

ಚಂದ ಕಾಣುವ ವೆಬ್‌ಸೈಟೇ ಬೇರೆ, ಚೆನ್ನಾಗಿ ಕಟ್ಟಿದ ವೆಬ್‌ಸೈಟೇ ಬೇರೆ ಅಂತ ಅವತ್ತು ಗೊತ್ತಾಯಿತು. ಬಂದವರು ಬಾಯಿ ಬಿಟ್ಟು ಕೇಳುವ ಮುಂಚೆಯೇ ಅವರಿಗೆ ಉತ್ತರ ಸಿಗಬೇಕು. ನನ್ನ ಮಟ್ಟಿಗೆ ವಿನ್ಯಾಸ ಅಂದರೆ ಅದೇ. ಎರಡನೇ ಸಲ ನಾವು ಹೇಗೆ ಮಾಡಿದೆವು ಅನ್ನುವುದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಎರಡು ವಾರ ಪ್ರಶ್ನೆ ಬರೆದಿಡಿ

ಡಿಸೈನರ್‌ಗೆ ಫೋನ್ ಮಾಡುವುದಕ್ಕೂ ಮುಂಚಿನ ಕೆಲಸ ಇದು. ಖರ್ಚಿಲ್ಲ. ಅಂಗಡಿಯ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಯಾರು ಏನು ಕೇಳಿದರೂ ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ವಾಟ್ಸ್‌ಆ್ಯಪ್‌ಗೆ ಬಂದ ಪ್ರಶ್ನೆಗಳೂ ಇರಲಿ.

ನಮ್ಮ ನೋಟ್‌ಬುಕ್ಕಿನಲ್ಲಿ ಮತ್ತೆ ಮತ್ತೆ ಬಂದದ್ದು ಇವು. ಇವತ್ತು ಅಂಗಡಿ ತೆಗೆದಿದೆಯಾ? ಕೆಜಿ ಎಷ್ಟು? ಚಿಕೋರಿ ಹಾಕದೆ ಕೊಡ್ತೀರಾ? ಬೆಂಗಳೂರಿಗೆ ಕೊರಿಯರ್ ಮಾಡ್ತೀರಾ? ಕಾರ್ ನಿಲ್ಲಿಸೋಕೆ ಜಾಗ ಇದೆಯಾ? ಈ ಐದು ಬಿಟ್ಟರೆ ಉಳಿದದ್ದೆಲ್ಲ ಚಿಲ್ಲರೆ. 'ನಿಮ್ಮ ಪಯಣ ಹೇಗಿತ್ತು' ಅಂತ ಒಬ್ಬರೂ ಕೇಳಿರಲಿಲ್ಲ!

ನನ್ನ ಅತ್ತಿಗೆ ಆಲ್ದೂರಿನ ಕಡೆ ಹೋಂಸ್ಟೇ ನಡೆಸುತ್ತಾರೆ. ಅವರಿಗೂ ಇದೇ ಹೇಳಿದೆ. ಅವರ ಪಟ್ಟಿ ನಮ್ಮದಕ್ಕಿಂತ ರುಚಿಯಾಗಿತ್ತು. ಮನೆ ತನಕ ನಮ್ಮ ಕಾರ್ ಬರುತ್ತಾ, ಜೀಪ್ ಬೇಕಾ? ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತೆ? ಬಿಸಿನೀರಿಗೆ ಒಲೆಯಾ, ಗೀಸರ್ರಾ? ಜಿಗಣೆ ಇದೆಯಾ? ಜಿಗಣೆಯ ವಿಷಯ ಬರೆದರೆ ಜನ ಬರೋದಿಲ್ಲ ಅಂತ ಅತ್ತಿಗೆಗೆ ಹೆದರಿಕೆ. ನಾನು ಅಂದೆ, "ಬರೆದುಬಿಡಿ ಅತ್ತಿಗೆ. ಮಳೆಗಾಲದಲ್ಲಿ ಇರುತ್ತೆ, ಉಪ್ಪು ನಾವೇ ಕೊಡ್ತೀವಿ ಅಂತ." ಬರೆದರು. ಆ ಸಾಲು ಓದಿ ನಕ್ಕು ರೂಮ್ ಹಿಡಿದವರೂ ಇದ್ದಾರೆ.

ಈ ಪಟ್ಟಿಯೇ ನಿಮ್ಮ ವೆಬ್‌ಸೈಟಿನ ನಕ್ಷೆ. ಜಾಸ್ತಿ ಸಲ ಬಂದ ಪ್ರಶ್ನೆ ಮೇಲೆ, ಕಡಿಮೆ ಬಂದದ್ದು ಕೆಳಗೆ.

ಹಂತ 2: ವಿಳಾಸ ನಿಮ್ಮ ಹೆಸರಿನಲ್ಲೇ ಇರಲಿ

ವೆಬ್‌ಸೈಟಿನ ವಿಳಾಸಕ್ಕೆ ಡೊಮೇನ್ ಅನ್ನುತ್ತಾರೆ. ಅದನ್ನು ಯಾರೂ ಪೂರ್ತಿ ಕೊಳ್ಳುವುದಿಲ್ಲ. ವರ್ಷಕ್ಕಿಷ್ಟು ಅಂತ ಕಟ್ಟಿ ಇಟ್ಟುಕೊಳ್ಳುವುದು. ಡಾಟ್ ಇನ್ ವಿಳಾಸವಾದರೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಒಳಗೇ ಮುಗಿಯುತ್ತದೆ. ಮೊದಲ ವರ್ಷ ತೀರಾ ಅಗ್ಗಕ್ಕೆ ಕೊಟ್ಟು ಎರಡನೇ ವರ್ಷದಿಂದ ಬೆಲೆ ಏರಿಸುವುದು ಈ ವ್ಯಾಪಾರದ ಪದ್ಧತಿ. ಹಾಗಾಗಿ ನವೀಕರಣಕ್ಕೆ ಎಷ್ಟು ಅಂತ ಮೊದಲೇ ಕೇಳಿ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಮ್ಮ ಮೊದಲ ವಿಳಾಸವನ್ನು ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ತನ್ನದೇ ಇಮೇಲ್‌ನಲ್ಲಿ ನೋಂದಾಯಿಸಿದ್ದ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಾವು ಕೇಳಲಿಲ್ಲ, ಅವನು ಹೇಳಲಿಲ್ಲ. ಅವನು ಬೇರೆ ಊರಿಗೆ ಹೋದ, ನಂಬರ್ ಬದಲಾಯಿತು. ಹಣ ಕಟ್ಟುವಂತೆ ಬಂದ ಇಮೇಲ್‌ಗಳೆಲ್ಲ ಅವನ ಹಳೆಯ ಇಮೇಲ್‌ಗೇ ಹೋದವು. ಒಂದು ದಿನ ವೆಬ್‌ಸೈಟ್ ಮಾಯ. ಪುಡಿ ಪೊಟ್ಟಣದ ಮೇಲೆಲ್ಲ ಅದೇ ವಿಳಾಸ ಅಚ್ಚು ಹಾಕಿಸಿದ್ದೆವು. ಎರಡು ಮೂಟೆ ಪೊಟ್ಟಣಕ್ಕೆ ಕೂತು ಸ್ಟಿಕ್ಕರ್ ಅಂಟಿಸಿದೆವು. ಅಂಗಡಿ ಬೀಗದ ಕೀಲಿಯನ್ನು ಬಣ್ಣ ಬಳಿಯಲು ಬಂದವನ ಹತ್ತಿರ ಬಿಡುತ್ತೇವಾ? ಇದೂ ಅಷ್ಟೇ. ನೋಂದಣಿ ನಿಮ್ಮ ಇಮೇಲ್‌ನಲ್ಲಿ, ಹಣ ನಿಮ್ಮ ಖಾತೆಯಿಂದ, ಪಾಸ್‌ವರ್ಡ್ ನಿಮ್ಮ ಕೈಯಲ್ಲಿ.

'ಇನ್‌ಸ್ಟಾಗ್ರಾಮ್ ಇದೆಯಲ್ಲ, ಸಾಕಲ್ವಾ?' ಅಂತ ಕೇಳುವವರಿದ್ದಾರೆ. ಇರಲಿ, ಒಳ್ಳೆಯದೇ. ಆದರೆ ಅದು ಬಾಡಿಗೆ ಮನೆ. ಗೂಗಲ್ ಸಣ್ಣ ವ್ಯಾಪಾರಿಗಳಿಗೆ ಬಿಸಿನೆಸ್ ಪ್ರೊಫೈಲ್ (ಹುಡುಕಿದಾಗ, ಮ್ಯಾಪಿನಲ್ಲಿ ಅಂಗಡಿಯ ವಿವರ ತೋರಿಸುವ ಪುಟ) ಜೊತೆಗೇ ಪುಕ್ಕಟೆ ವೆಬ್‌ಸೈಟ್ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ಮುಚ್ಚಿಬಿಟ್ಟಿತು. ಸ್ವಂತ ಡೊಮೇನ್ ಇದ್ದವರು ಹೊಸ ಪುಟ ಕಟ್ಟಿ ಅದೇ ವಿಳಾಸಕ್ಕೆ ಜೋಡಿಸಿಕೊಂಡರು. ಇಲ್ಲದವರು ವಿಳಾಸದಿಂದಲೇ ಶುರು ಮಾಡಬೇಕಾಯಿತು.

ಹಂತ 3: ಮೊದಲ ಪರದೆಯಲ್ಲಿ ಐದು ಉತ್ತರ

ನಿಮ್ಮ ಗಿರಾಕಿ ಕಂಪ್ಯೂಟರ್ ಮುಂದೆ ಕೂತಿರುವುದಿಲ್ಲ. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಮಗು ಅಥವಾ ಚೀಲ. ಬೆರಳಿನಿಂದ ಪುಟ ಸರಿಸುವ ಮುಂಚೆ ಕಾಣುವ ಜಾಗವೇ ನಿಮ್ಮ ಅಂಗಡಿಯ ಬಾಗಿಲು. ಏನು ಮಾರುತ್ತೀರಿ, ಎಲ್ಲಿದ್ದೀರಿ, ಎಷ್ಟೊತ್ತಿಗೆ ತೆಗೆದಿರುತ್ತೀರಿ, ಬೆಲೆ ಎಷ್ಟರಿಂದ ಶುರು, ಫೋನ್ ಮಾಡುವುದು ಹೇಗೆ. ಈ ಐದು ಅಲ್ಲೇ ಕಾಣಬೇಕು.

ಫೋನ್ ನಂಬರನ್ನು ಚಿತ್ರದೊಳಗೆ ಬರೆಸಬೇಡಿ. ಮುಟ್ಟಿದರೆ ಕರೆ ಹೋಗುವಂತೆ ಮಾಡಿಸಿ. ವಾಟ್ಸ್‌ಆ್ಯಪ್‌ಗೂ ಹಾಗೆಯೇ ಲಿಂಕ್ ಇಡಬಹುದು. ಡಬ್ಲ್ಯುಎ ಡಾಟ್ ಎಂಇ (wa.me) ಅನ್ನುವ ವಿಳಾಸದ ಕೊನೆಗೆ ಓರೆಗೆರೆ, ಆಮೇಲೆ 91 ಸೇರಿಸಿ ನಿಮ್ಮ ನಂಬರ್. ಪ್ಲಸ್ ಚಿಹ್ನೆ ಬೇಡ, ಶುರುವಿನಲ್ಲಿ ಸೊನ್ನೆ ಬೇಡ. ನಂಬರ್ ಸೇವ್ ಮಾಡಿಕೊಳ್ಳದೆಯೇ ಮೆಸೇಜ್ ಬರುತ್ತದೆ.

ತೆರೆದ ಕೂಡಲೇ ಮುಖಕ್ಕೆ ಹೊಡೆಯುವ 'ಸಬ್‌ಸ್ಕ್ರೈಬ್ ಮಾಡಿ' ಚೌಕ, ತಾನಾಗಿ ಶುರುವಾಗುವ ಸಂಗೀತ, ಓಡುವ ಅಕ್ಷರ ಯಾವುದೂ ಬೇಡ. ಡಿಸೈನರ್ ಎಷ್ಟೇ ಒತ್ತಾಯ ಮಾಡಲಿ.

ಹಂತ 4: ಪುಟದ ತೂಕ ಇಳಿಸಿ

ತಕ್ಕಡಿ ಹಿಡಿದವರಿಗೆ ಈ ಹಂತ ಬೇಗ ಅರ್ಥವಾಗುತ್ತದೆ. ಫೋನಿನಲ್ಲಿ ತೆಗೆದ ಒಂದು ಫೋಟೊ ಸುಮಾರು 4 ಎಂಬಿ ಅನ್ನೋಣ. ಹಾಗೆಯೇ ಹತ್ತು ಫೋಟೊ ಹಾಕಿದರೆ ಪುಟ 40 ಎಂಬಿ. ಊರೊಳಗೆ 4ಜಿ, 5ಜಿ ಇರುವಲ್ಲಿ ಏನೂ ಅನ್ನಿಸದು. ಆದರೆ ನಮ್ಮ ಗಿರಾಕಿ ಇರುವುದು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನುತ್ತಾ, ಒಂದೇ ಕಡ್ಡಿ ಸಿಗ್ನಲ್‌ನಲ್ಲಿ. ಸೆಕೆಂಡಿಗೆ 2 ಮೆಗಾಬಿಟ್ (ಎಂಟು ಮೆಗಾಬಿಟ್ ಸೇರಿದರೆ ಒಂದು ಎಂಬಿ) ಬಂದರೆ 40 ಎಂಬಿ ಇಳಿಯಲು ಎರಡೂವರೆ ನಿಮಿಷಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಅವರು ಬಿಲ್ ಕೊಟ್ಟು ಎದ್ದಿರುತ್ತಾರೆ. ಅದೇ ಹತ್ತು ಫೋಟೊಗಳನ್ನು ತಲಾ 150 ಕೆಬಿಗೆ ಇಳಿಸಿದರೆ ಒಟ್ಟು ಒಂದೂವರೆ ಎಂಬಿ. ಆರು ಸೆಕೆಂಡ್ ಸಾಕು.

ಪುಟ ತೆರೆಯಲು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಫೋನಿನಲ್ಲಿ ನೋಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಟ್ಟು ಹೋಗುತ್ತಾರೆ ಅಂತ ಗೂಗಲ್ 2016ರಲ್ಲೇ ಹೇಳಿತ್ತು. ನಾವೂ ಬೇರೆಯವರ ಪುಟದಲ್ಲಿ ಹಾಗೇ ಮಾಡುತ್ತೇವಲ್ಲ.

ಫೋಟೊದ ಅಗಲವನ್ನು 1200 ಪಿಕ್ಸೆಲ್ ಸುಮಾರಿಗೆ ಇಳಿಸಿ, ತೂಕ ಕಡಿಮೆ ಇರುವ ವೆಬ್‌ಪಿ ರೂಪದಲ್ಲಿ ಉಳಿಸಿ. ಇದಕ್ಕೆ ಪುಕ್ಕಟೆ ಸಾಧನಗಳು ಬೇಕಾದಷ್ಟಿವೆ. ಪರೀಕ್ಷೆ ಮಾಡುವುದು ಕಚೇರಿಯ ವೈಫೈನಲ್ಲಿ ಅಲ್ಲ. ಕೈಮರದ ಆಚೆ ಗಿರಿಯ ರಸ್ತೆ ಹತ್ತಿ, ಸಿಗ್ನಲ್ ತೂಕಡಿಸುವ ಕಡೆ ನಿಂತು ನಿಮ್ಮ ಪುಟ ತೆರೆದು ನೋಡಿ.

ಇನ್ನೊಂದು ಮಾತು. ನಿಮ್ಮದೇ ಫೋಟೊ ಹಾಕಿ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಕಾಫಿ ಬೀಜದ ಚಿತ್ರ ಹತ್ತು ಅಂಗಡಿಯ ಪುಟದಲ್ಲಿ ಇರುತ್ತದೆ. ನಮ್ಮ ಪುಟದಲ್ಲಿ ಈಗ ಮೇಲೆ ಇರುವುದು ಅಪ್ಪ ತಕ್ಕಡಿ ಹಿಡಿದು ನಿಂತ ಫೋಟೊ. ಅಂಗಿ ಮೇಲೆ ಪುಡಿ ಬಿದ್ದಿದೆ. ಅದನ್ನು ನೋಡಿ ಬಂದವರು ಒಳಗೆ ಕಾಲಿಡುತ್ತಲೇ ಅಪ್ಪನನ್ನು ಗುರುತು ಹಿಡಿಯುತ್ತಾರೆ.

ಹಂತ 5: ಕನ್ನಡ ಇರಲಿ, ಯೂನಿಕೋಡ್‌ನಲ್ಲೇ ಇರಲಿ

ಬರೀ ಇಂಗ್ಲಿಷ್ ಸಾಕು ಅಂದುಕೊಳ್ಳಬೇಡಿ. ಹಾಸನ, ತರೀಕೆರೆ, ಶಿವಮೊಗ್ಗದ ಗಿರಾಕಿ ಫೋನಿಗೆ ಕನ್ನಡದಲ್ಲೇ ಮಾತಾಡಿ ಹುಡುಕಬಹುದು. ಪುಟದಲ್ಲಿ ಎರಡೂ ಭಾಷೆ ಇರಲಿ. ಕನ್ನಡವನ್ನು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿಯಲ್ಲಿ ಬರೆಸಿ.

ಇಲ್ಲೊಂದು ಗುಂಡಿ ಇದೆ. ಡಿಟಿಪಿ ಅಂಗಡಿಗಳಲ್ಲಿ 'ನುಡಿ' ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ವೆಬ್‌ಸೈಟಿಗೆ ಅಂಟಿಸಿದರೆ ಗಿರಾಕಿಯ ಫೋನಿನಲ್ಲಿ ಅರ್ಥವಿಲ್ಲದ ಗೀಟುಗಳು ಕಾಣುತ್ತವೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಅದನ್ನು ತಪ್ಪಿಸಲು ಕೆಲವರು ಕರಪತ್ರದ ಫೋಟೊವನ್ನೇ ಪುಟಕ್ಕೆ ಹಾಕುತ್ತಾರೆ. ಆಗ ಕಣ್ಣಿಗೆ ಕನ್ನಡ ಕಾಣುತ್ತದೆ, ಹುಡುಕುವವರಿಗೆ ಸಿಗುವುದು ಕಷ್ಟ. ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಿ. ಪರಿವರ್ತಿಸಿದ ಮೇಲೆ ಒಮ್ಮೆ ಪೂರ್ತಿ ಓದಿ, ಅರ್ಕಾವತ್ತು, ಒತ್ತಕ್ಷರಗಳು ಎಡವಿರುತ್ತವೆ.

ಊರಿನ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ 2014ರ ನವೆಂಬರ್ 1ರಂದು ಚಿಕ್‌ಮಗಳೂರ್ ಹೋಗಿ ಚಿಕ್ಕಮಗಳೂರು ಆಯಿತು. ಆದರೆ ಹೊರಗಿನ ಎಷ್ಟೋ ಜನ ಇವತ್ತಿಗೂ ಹುಡುಕುವುದು ಹಳೆಯದನ್ನೇ. ಪುಟದಲ್ಲಿ ಎರಡೂ ಸ್ಪೆಲಿಂಗ್ ಒಂದೊಂದು ಕಡೆಯಾದರೂ ಬರಲಿ.

ಹಂತ 6: ಕೇಳಲು ಮುಜುಗರಪಡುವ ಪ್ರಶ್ನೆಗೂ ಉತ್ತರ ಕೊಡಿ

ಕಾಫಿಪುಡಿಯಲ್ಲಿ ಆ ಪ್ರಶ್ನೆ ಚಿಕೋರಿ. ಚಿಕೋರಿ ಬೆರೆಸುವುದು ತಪ್ಪಲ್ಲ. ನಮ್ಮ ಕಡೆ ಎಷ್ಟೋ ಜನಕ್ಕೆ ಅದಿಲ್ಲದಿದ್ದರೆ ಡಿಕಾಕ್ಷನ್ ಇಳಿದಂತೆಯೇ ಅಲ್ಲ. ನಿಯಮದ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು ಮತ್ತು ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಬೇಕು. ಪೊಟ್ಟಣದ ಮೇಲೆ ಇರುವುದನ್ನೇ ಪುಟದಲ್ಲೂ ದಪ್ಪಗೆ ಬರೆದೆವು: ಇದರಲ್ಲಿ ಕಾಫಿ 80, ಚಿಕೋರಿ 20. ಪಕ್ಕದಲ್ಲಿ ಕಾಫಿಯ ಜಾತಿಯ ಲೆಕ್ಕ, ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು. ಕೆಳಗೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ.

'ಚಿಕ್ಕಮಗಳೂರು ಅರೇಬಿಕಾ', 'ಬಾಬಾಬುಡನ್‌ಗಿರಿ ಅರೇಬಿಕಾ' ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ, ಇಂಥ ಊರಿನದೇ ಬೆಳೆ ಅನ್ನುವ ಗುರುತು) ಮಾನ್ಯತೆ ಬಂದಿದೆ. ನಮ್ಮ ಊರಿನದೇ ಅಂತ ಸುಮ್ನೆ ಆ ಗುರುತು ಹಾಕಿಕೊಳ್ಳುವಂತಿಲ್ಲ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಹಕ್ಕು. ಏಳು ಬೀಜ ತಂದ ಬಾಬಾಬುಡನ್ ಕಥೆಯನ್ನು ಯಾರು ಬೇಕಾದರೂ ಹೇಳಬಹುದು, ಆದರೆ ಈ ಜಿಲ್ಲೆಯ ಯಾವ ಕಾಫಿ ಅಂಗಡಿ ಅದನ್ನು ಹೇಳಿಲ್ಲ ಹೇಳಿ?

ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗುತ್ತದೆಯೇ ನೋಡಿಕೊಳ್ಳಿ. ಕೊನೆಯ ಎಸ್ ಇಲ್ಲದಿದ್ದರೆ ಕ್ರೋಮ್ 2018ರಿಂದ 'ಸುರಕ್ಷಿತವಲ್ಲ' ಅಂತ ತೋರಿಸುತ್ತಿದೆ. ಅಂಗಡಿಯ ಬಾಗಿಲಲ್ಲೇ ಅಂಥ ಬೋರ್ಡು ನೇತು ಹಾಕಿದ ಹಾಗೆ. ಆ ಎಸ್ ಬರಲು ಬೇಕಾದ ಪ್ರಮಾಣಪತ್ರ ಪುಕ್ಕಟೆಯೂ ಸಿಗುತ್ತದೆ. ಅದಕ್ಕೆಂದೇ ಸಾವಿರಾರು ರೂಪಾಯಿ ಕೇಳಿದರೆ ಯಾಕೆ ಅಂತ ವಿಚಾರಿಸಿ.

ಹಂತ 7: ಆರ್ಡರ್

ಮೊದಲ ದಿನವೇ ದೊಡ್ಡ ಆನ್‌ಲೈನ್ ಮಳಿಗೆ ಕಟ್ಟಬೇಡಿ. ದಿನಕ್ಕೆ ನಾಲ್ಕು ಆರ್ಡರ್ ಬರುವವರಿಗೆ ವಾಟ್ಸ್‌ಆ್ಯಪ್ ಮೆಸೇಜು, ಯುಪಿಐ ಪಾವತಿ, ಕೊರಿಯರ್ ಚೀಟಿ ಇಷ್ಟೇ ಸಾಕು. ಕೊರಿಯರ್ ಖರ್ಚು ಎಷ್ಟು, ಎಷ್ಟು ದಿನಕ್ಕೆ ಮುಟ್ಟುತ್ತದೆ, ಪೊಟ್ಟಣ ಒಡೆದು ಬಂದರೆ ಏನು ಮಾಡುತ್ತೀರಿ ಅನ್ನುವುದನ್ನು ಮಾತ್ರ ಬರೆದಿಡಿ.

ಹಂತ 8: ಒರೆಸಿ ಬರೆಯುತ್ತಿರಿ

2024ರಲ್ಲಿ ಕಾಫಿ ಬೆಲೆ ಏರಿದ್ದು ಬೆಳೆಗಾರರಿಗೆ ಗೊತ್ತು, ಪುಡಿ ಮಾರುವ ನಮಗೂ ಗೊತ್ತು. ಅಂಗಡಿಯ ಕಪ್ಪು ಹಲಗೆಯಲ್ಲಿ ಅಪ್ಪ ಬೆಲೆ ಒರೆಸಿ ಬರೆಯುತ್ತಿದ್ದರು, ವೆಬ್‌ಸೈಟಿನಲ್ಲಿ ಹಳೆಯದೇ ಇತ್ತು. ಮೈಸೂರಿನವರೊಬ್ಬರು ಫೋನ್ ಹಿಡಿದು ತೋರಿಸಿ ಅದೇ ಬೆಲೆಗೆ ಕೊಡಿ ಅಂದರು. ಕೊಟ್ಟೆವು, ಇನ್ನೇನು ಮಾಡುವುದು. ಅವತ್ತಿನಿಂದ ಹಲಗೆ ಒರೆಸುವ ಮುಂಚೆ ವೆಬ್‌ಸೈಟ್ ಬದಲಾಗಬೇಕು ಅಂತ ಮನೆಯಲ್ಲಿ ಕಾನೂನು. ಹಾಗಾಗಿ ಬೆಲೆ ಮತ್ತು ಸಮಯವನ್ನು ನೀವೇ ಫೋನಿನಿಂದ ಬದಲಾಯಿಸುವಂತೆ ಮಾಡಿಸಿಕೊಳ್ಳಿ. ಪ್ರತಿ ಸಲ ಡಿಸೈನರ್‌ನ ಕಾಯುವ ಹಾಗಿದ್ದರೆ ಅದು ನಡೆಯುವುದಿಲ್ಲ.

ಗೂಗಲ್ ಸರ್ಚ್ ಕನ್ಸೋಲ್ ಅನ್ನುವ ಪುಕ್ಕಟೆ ಸೌಲಭ್ಯ ಇದೆ. ಜನ ಯಾವ ಪದ ಹುಡುಕಿ ನಿಮ್ಮ ಪುಟಕ್ಕೆ ಬಂದರು ಅಂತ ತೋರಿಸುತ್ತದೆ. ಮೂರು ತಿಂಗಳಿಗೊಮ್ಮೆ ನೋಡಿ. ನಮಗೆ 'ಬಸ್ ಸ್ಟ್ಯಾಂಡ್ ಹತ್ತಿರ ಕಾಫಿಪುಡಿ' ಅಂತ ಹುಡುಕಿದವರು ಕಂಡರು. ಬಸ್ ಸ್ಟ್ಯಾಂಡಿನಿಂದ ನಡೆದು ಏಳು ನಿಮಿಷ ಅಂತ ಒಂದು ಸಾಲು ಸೇರಿಸಿದೆವು.

ನೋಟ್‌ಬುಕ್ ಇನ್ನೂ ಫೋನಿನ ಪಕ್ಕದಲ್ಲೇ ಇದೆ. ತೆಗೆದಿದೆಯಾ, ಬೆಲೆ ಎಷ್ಟು ಅನ್ನುವ ಕರೆಗಳು ಈಗ ಅಪರೂಪ. ಚಿಕೋರಿಯದು ಮಾತ್ರ ನಿಂತಿಲ್ಲ. ಮೊನ್ನೆ ಒಬ್ಬರು ಕೇಳಿದಾಗ ಅಪ್ಪ, "ವೆಬ್‌ಸೈಟಲ್ಲಿ ಬರೆದಿದೀವಲ್ಲ ಸ್ವಾಮಿ" ಅಂದರು. ಆ ಕಡೆಯಿಂದ, "ನೋಡ್ದೆ ಸರ್, ಆದ್ರೂ ನಿಮ್ಮ ಬಾಯಲ್ಲಿ ಕೇಳೋಣ ಅಂತ." ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಇಪ್ಪತ್ತು ನಿಮಿಷ ಅಂಗಡಿಯ ಫೋನ್ ಬಿಜಿ.